ಮೂರು ತಾಸಿನ ಮಾತು, ಮೂರು ದಶಕದ ರಾಜಕೀಯ

ಅಮೆರಿಕದ ಪೂರ್ವ ಕರಾವಳಿಯ ಗಡಿಯಾರಗಳು ಮಧ್ಯಾಹ್ನದ ಹನ್ನೆರಡು ದಾಟಿ ಸುದ್ದಿವಾಚನ ಮುಗಿಯುತ್ತಿದ್ದಂತೆ, ರಾಕ್ ಗೀತೆಯೊಂದರ ಬಾಸ್ ಗಿಟಾರಿನ ಗುಂಯ್‌ಗುಡುವ ನಾದ ದೇಶದ ನೂರಾರು ಬಾನುಲಿ ಕೇಂದ್ರಗಳಿಂದ ಏಕಕಾಲಕ್ಕೆ ಹೊಮ್ಮುತ್ತಿತ್ತು. ಓಹಾಯೊದ ಹೆದ್ದಾರಿಯಲ್ಲಿ ಸರಕು ಹೊತ್ತು ಸಾಗುವ ಲಾರಿಯೊಳಗೆ, ಮಿಸೌರಿಯ ಸಣ್ಣ ಊರಿನ ಗ್ಯಾರೇಜಿನಲ್ಲಿ ಮೇಲಕ್ಕೆತ್ತಿ ನಿಲ್ಲಿಸಿದ ಕಾರಿನ ಪಕ್ಕದಲ್ಲಿ, ನೆಬ್ರಾಸ್ಕದ ಮೆಕ್ಕೆಜೋಳದ ಹೊಲದಲ್ಲಿ ಓಡುವ ಟ್ರ್ಯಾಕ್ಟರಿನಲ್ಲಿ, ಕ್ಷೌರದಂಗಡಿಯ ಕನ್ನಡಿಯ ಬಳಿಯ ಕಪಾಟಿನಲ್ಲಿ ಒಂದೇ ದನಿ ಮಾತಿಗೆ ತೊಡಗುತ್ತಿತ್ತು. ಕಾಗದದ ಹಾಳೆಗಳನ್ನು ಮೈಕಿಗೆ ಕೇಳುವಂತೆಯೇ ಸರಸರನೆ ಮಗುಚುತ್ತ, ಮೇಜು ಕುಟ್ಟುತ್ತ, ನಗುತ್ತ, ಮರುಕ್ಷಣವೇ ಗುಡುಗುತ್ತ ಸಾಗುವ ಆ ದನಿ ಜಾಹೀರಾತಿನ ಬಿಡುವುಗಳನ್ನು ಬಿಟ್ಟರೆ ಮೂರು ತಾಸು ನಿಲ್ಲುತ್ತಿರಲಿಲ್ಲ.

ದನಿ ರಶ್ ಲಿಂಬಾ ಎಂಬಾತನದು. 1988ರ ಆಗಸ್ಟ್ 1ರಂದು ರಾಷ್ಟ್ರಮಟ್ಟದಲ್ಲಿ ಆರಂಭವಾದ ಆತನ ಕಾರ್ಯಕ್ರಮ, 2021ರ ಫೆಬ್ರುವರಿ 17ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ಆತ ತೀರಿಕೊಳ್ಳುವವರೆಗೆ, ಅಂದರೆ ಮೂವತ್ತೆರಡು ವರ್ಷಗಳಿಗೂ ಮೀರಿ ನಡೆಯಿತು. ಈ ಬಗೆಯ ಪ್ರಸಾರಕ್ಕೆ ಅಲ್ಲಿನವರು ಟಾಕ್ ರೇಡಿಯೊ ಎನ್ನುತ್ತಾರೆ. ಹಾಡಿಲ್ಲದೆ, ನಾಟಕವಿಲ್ಲದೆ, ಒಬ್ಬ ನಿರೂಪಕನ ಅಭಿಪ್ರಾಯ ಮತ್ತು ಅದಕ್ಕೆ ಫೋನಿನಲ್ಲಿ ದನಿಗೂಡಿಸುವ ಕೇಳುಗರು, ಇಷ್ಟರ ಮೇಲೆಯೇ ನಿಂತ ಮಾತಿನ ಬಾನುಲಿ ಅದು.

ಬಾನುಲಿಯೆಂದರೆ ಪ್ರದೇಶ ಸಮಾಚಾರ, ಕೃಷಿರಂಗ, ಕೋರಿಕೆಯ ಚಿತ್ರಗೀತೆ ಎಂದು ಬೆಳೆದ ಕನ್ನಡದ ಕೇಳುಗರಿಗೆ, ಒಬ್ಬನೇ ಮನುಷ್ಯ ದಿನವೂ ಮೂರು ತಾಸು ಒಂದು ಪಕ್ಷವನ್ನು ಹೊಗಳಿ ಇನ್ನೊಂದನ್ನು ತೆಗಳುವ ರೇಡಿಯೊವನ್ನು ಕಲ್ಪಿಸಿಕೊಳ್ಳುವುದು ಸುಲಭವಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ಯ ಹೆಸರನ್ನೇ ಮುಂದೆ ತನ್ನದಾಗಿಸಿಕೊಂಡ ಸರ್ಕಾರಿ ಪ್ರಸಾರ ಸಂಸ್ಥೆ ತೂಕದ ಮಾತಿನದು, 2001ರಲ್ಲಿ ಬೆಂಗಳೂರಿನಿಂದಲೇ ಮೊದಲಾದ ಖಾಸಗಿ ಎಫ್‌ಎಂ ಕೇಂದ್ರಗಳು ಎಷ್ಟೇ ಹರಟಿದರೂ, ಸ್ವಂತ ಸುದ್ದಿ ಮತ್ತು ರಾಜಕೀಯ ಚರ್ಚೆಗೆ ಪರವಾನಗಿಯ ಷರತ್ತುಗಳು ಎಡೆಕೊಟ್ಟಿಲ್ಲ. ಅಮೆರಿಕದ ರೇಡಿಯೊ ಮೊದಲಿನಿಂದಲೂ ವ್ಯಾಪಾರಿಗಳ ಕೈಯಲ್ಲಿ ಬೆಳೆದುದರಿಂದ ಅದರ ಹಾದಿಯೇ ಬೇರೆಯಾಯಿತು.

ಈ ನಿರೂಪಕರ ಪ್ರಭಾವದ ಬಗ್ಗೆ ಎರಡು ಅತಿರೇಕದ ನಂಬಿಕೆಗಳು ಚಾಲ್ತಿಯಲ್ಲಿವೆ. ಅವರು ಕೋಟ್ಯಂತರ ಮಂದಿಯ ಮತಿಯನ್ನೇ ಕೆಡಿಸಿದರೆಂಬುದು ಒಂದು. ಮೊದಲೇ ಒಪ್ಪಿದವರು ಮಾತ್ರ ಕೇಳುವುದರಿಂದ ಅವರಿಂದ ಏನೂ ಆಗುವುದಿಲ್ಲವೆಂಬುದು ಇನ್ನೊಂದು. ಸುಮಾರು ಒಂದು ಶತಮಾನದ ದಾಖಲೆಯನ್ನು ಕೂಡಿಸಿ ನೋಡಿದರೆ ಎರಡಕ್ಕೂ ಹೊಂದದ ಮೂರನೆಯ ಚಿತ್ರವೊಂದು ಮೂಡುತ್ತದೆ: ನಡೆಯುವ ಕೆಲಸವೊಂದನ್ನು ತಡೆದು ನಿಲ್ಲಿಸುವುದರಲ್ಲಿ ಈ ದನಿಗಳಿಗೆ ಅಸಾಧಾರಣ ಬಲವಿದೆ, ಹೊಸದೊಂದನ್ನು ಕಟ್ಟುವುದರಲ್ಲಿ ಅಷ್ಟೇನೂ ಇಲ್ಲ.

ಪಾದ್ರಿಯ ಮೈಕು, ತಂತಿಗಳ ಮಳೆ

ಈ ಕಥೆ ಲಿಂಬಾನಿಗಿಂತ ಬಹಳ ಮೊದಲೇ, ಡೆಟ್ರಾಯಿಟ್ ನಗರದ ಹೊರವಲಯದ ರಾಯಲ್ ಓಕ್ ಎಂಬಲ್ಲಿನ ಕ್ಯಾಥೊಲಿಕ್ ಚರ್ಚಿನಿಂದ ಆರಂಭವಾಗುತ್ತದೆ. ಅಲ್ಲಿನ ಪಾದ್ರಿ ಚಾರ್ಲ್ಸ್ ಕಾಗ್ಲಿನ್ 1926ರಲ್ಲಿ ಸ್ಥಳೀಯ ಕೇಂದ್ರದಿಂದ ಧರ್ಮಪ್ರವಚನ ಶುರುಮಾಡಿದರು; ಮಹಾ ಆರ್ಥಿಕ ಕುಸಿತ ಬಂದೆರಗಿ ಜನ ಕೆಲಸ ಕಳೆದುಕೊಂಡ ಹೊತ್ತಿಗೆ ಅದೇ ಪ್ರವಚನ ಬ್ಯಾಂಕರುಗಳ ವಿರುದ್ಧದ ಆಕ್ರೋಶವಾಗಿ ತಿರುಗಿತು. ಉಚ್ಛ್ರಾಯದ ದಿನಗಳಲ್ಲಿ ಭಾನುವಾರದ ಆ ಮಾತಿಗೆ ಮೂರು ಕೋಟಿಯವರೆಗೂ ಕೇಳುಗರಿದ್ದರೆಂಬ ಅಂದಾಜಿದೆ. ಕಾಣಿಕೆಯ ಹಣ ತುಂಬಿದ ಲಕೋಟೆಗಳನ್ನು ಬಿಡಿಸಿ ಎಣಿಸಲೆಂದೇ ಗುಮಾಸ್ತರ ದಂಡು ಕೂರುತ್ತಿತ್ತು.

1935ರ ಜನವರಿಯಲ್ಲಿ ಅಮೆರಿಕ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಸೇರುವ ಒಪ್ಪಂದ ಸೆನೆಟ್ಟಿನ ಮುಂದೆ ಬಂದಾಗ, ಅಧ್ಯಕ್ಷ ರೂಸ್‌ವೆಲ್ಟರ ಬೆಂಬಲವಿದ್ದ ಅದು ಸಲೀಸಾಗಿ ಗೆಲ್ಲುವುದೆಂದೇ ಎಲ್ಲರೂ ಎಣಿಸಿದ್ದರು. ಮತದಾನಕ್ಕೆ ಮುಂಚಿನ ಭಾನುವಾರ ಕಾಗ್ಲಿನ್, ನಿಮ್ಮ ಸೆನೆಟರಿಗೆ ಈಗಲೇ ತಂತಿ ಕಳುಹಿಸಿ ಎಂದು ಕರೆಕೊಟ್ಟದ್ದೇ ತಡ, ಸಂದೇಶಗಳು ವಾಷಿಂಗ್ಟನ್ನಿನಲ್ಲಿ ಗುಡ್ಡೆಬಿದ್ದವು. 52 ಮತಗಳು ಪರವಾಗಿ, 36 ವಿರುದ್ಧವಾಗಿ ಬಿದ್ದು, ಬೇಕಾಗಿದ್ದ ಮೂರನೆಯ ಎರಡರಷ್ಟು ಬಹುಮತಕ್ಕೆ ಏಳು ಮತ ಸಾಲದೆ ಒಪ್ಪಂದ ಬಿದ್ದುಹೋಯಿತು. ಪತ್ರಿಕೆಗಳ ದೊರೆ ಹರ್ಸ್ಟ್ ಕೂಡ ಅದಕ್ಕೆ ವಿರೋಧಿಯಾಗಿದ್ದರಿಂದ ಕೀರ್ತಿಯೆಲ್ಲ ಪಾದ್ರಿಯದೇ ಎನ್ನಲಾಗದು. ಆದರೂ ತಂತಿಯ ಮಳೆ ಸುರಿದದ್ದಂತೂ ಅವರ ಮೋಡದಿಂದಲೇ.

ಮರುವರ್ಷವೇ ಅದೇ ಪಾದ್ರಿ ರೂಸ್‌ವೆಲ್ಟರ ವಿರುದ್ಧ ವಿಲಿಯಂ ಲೆಮ್ಕಿ ಎಂಬ ಅಭ್ಯರ್ಥಿಯ ಬೆನ್ನಿಗೆ ನಿಂತು, ತೊಂಬತ್ತು ಲಕ್ಷ ಮತ ತಂದುಕೊಡದಿದ್ದರೆ ರೇಡಿಯೊವನ್ನೇ ಬಿಡುವುದಾಗಿ ಸಾರಿದರು. ಬಿದ್ದದ್ದು ಒಂಬತ್ತು ಲಕ್ಷಕ್ಕೂ ಕಡಿಮೆ. ಅರ್ಥಶಾಸ್ತ್ರಜ್ಞ ಟಿಯಾನ್‌ಯಿ ವಾಂಗ್ ಇತ್ತೀಚೆಗೆ ಆ ಕಾಲದ ಪ್ರಸಾರ ತರಂಗಗಳ ತೀವ್ರತೆಯನ್ನೂ ಜಿಲ್ಲಾವಾರು ಮತಗಳನ್ನೂ ಜೋಡಿಸಿ ಲೆಕ್ಕಹಾಕಿದಾಗ, ಕಾಗ್ಲಿನ್ ದನಿ ಚೆನ್ನಾಗಿ ಕೇಳುತ್ತಿದ್ದ ಕಡೆಗಳಲ್ಲಿ ರೂಸ್‌ವೆಲ್ಟರ ಮತ ಪ್ರಮಾಣ ಸುಮಾರು ಎರಡು ಶೇಕಡಾ ಅಂಶದಷ್ಟು ಕುಗ್ಗಿದ್ದು ಕಂಡುಬಂತು. ಅಂದರೆ ಎದುರಾಳಿಗೆ ಕೊಂಚ ಗಾಯ ಮಾಡಲು ಪಾದ್ರಿಗೆ ಸಾಧ್ಯವಾಯಿತು; ತನ್ನವನನ್ನು ಗೆಲ್ಲಿಸುವುದಿರಲಿ, ನಿಲ್ಲಿಸಲೂ ಆಗಲಿಲ್ಲ.

ಆ ಬಳಿಕ ಅವರ ಮಾತು ಬಹಿರಂಗ ಯೆಹೂದಿ ದ್ವೇಷಕ್ಕಿಳಿಯಿತು. 1938ರ ನವೆಂಬರಿನಲ್ಲಿ ಜರ್ಮನಿಯ ಯೆಹೂದಿಗಳ ಅಂಗಡಿ, ಪ್ರಾರ್ಥನಾಮಂದಿರಗಳು ಪುಡಿಯಾದ ಕೆಲವೇ ದಿನಗಳಲ್ಲಿ ಆ ಹಿಂಸೆಗೆ ಸಮಜಾಯಿಷಿ ಕೊಟ್ಟಾಗ ನ್ಯೂಯಾರ್ಕಿನ ಕೇಂದ್ರವೊಂದು ಅವರನ್ನು ಕೈಬಿಟ್ಟಿತು. 1939ರಲ್ಲಿ ಪ್ರಸಾರಕರ ಸಂಘ ವಿವಾದಾತ್ಮಕ ವಿಷಯಗಳಿಗೆ ಸಮಯ ಮಾರುವುದನ್ನೇ ನಿರ್ಬಂಧಿಸಿದ್ದರಿಂದ ಮರುವರ್ಷ ಅವರು ರೇಡಿಯೊದಿಂದ ಮರೆಯಾದರು.

ಎದುರು ಮಾತಿಗೂ ಜಾಗವಿರಲಿ ಎಂದ ನಿಯಮ

ಒಂದೇ ಗಂಟಲು ಇಡೀ ದೇಶದ ಕಿವಿಯನ್ನು ಹಿಡಿಯಬಹುದೆಂಬ ಭಯ ಆಳುವವರಲ್ಲಿ ಉಳಿದೇ ಇತ್ತು. ತರಂಗಾಂತರಗಳು ಸೀಮಿತ, ಇಬ್ಬರು ಒಂದೇ ತರಂಗಾಂತರದಲ್ಲಿ ಮಾತಾಡಿದರೆ ಯಾರದೂ ಕೇಳಿಸದು, ಆದ್ದರಿಂದ ಪರವಾನಗಿ ಪಡೆದವನು ಸಾರ್ವಜನಿಕರ ಸೊತ್ತಿನ ಧರ್ಮದರ್ಶಿಯಂತೆ ನಡೆದುಕೊಳ್ಳಬೇಕು ಎಂಬುದು ವಾದ. ಈ ಆಧಾರದ ಮೇಲೆ ಅಲ್ಲಿನ ಸಂಪರ್ಕ ಆಯೋಗ 1949ರಲ್ಲಿ ಜಾರಿಗೆ ತಂದದ್ದೇ ಫೇರ್‌ನೆಸ್ ಡಾಕ್ಟ್ರಿನ್, ಅಂದರೆ ನ್ಯಾಯೋಚಿತ ಪ್ರಸಾರದ ನಿಯಮ. ಸಾರ್ವಜನಿಕ ಮಹತ್ವದ ವಿಷಯಗಳನ್ನು ಪ್ರಸಾರ ಮಾಡಲೇಬೇಕು, ಮಾಡುವಾಗ ಭಿನ್ನ ಅಭಿಪ್ರಾಯಕ್ಕೂ ಸಾಕಷ್ಟು ಅವಕಾಶವಿರಬೇಕು ಎಂಬ ಎರಡು ಹೊಣೆಗಳನ್ನು ಅದು ಹೊರಿಸಿತು. ಇಬ್ಬರಿಗೂ ನಿಮಿಷ ಎಣಿಸಿ ಕೊಡಬೇಕೆಂದು ಅದು ಹೇಳಿರಲಿಲ್ಲ; ಚುನಾವಣೆಯ ಅಭ್ಯರ್ಥಿಗಳಿಗೆ ಸಮಾನ ಸಮಯ ನೀಡುವ ಕಾನೂನು ಬೇರೆಯೇ ಇದ್ದು, ಅದು ಇಂದಿಗೂ ಜೀವಂತವಾಗಿದೆ.

ಪೆನ್ಸಿಲ್ವೇನಿಯದ ರೆಡ್ ಲಯನ್ ಎಂಬ ಊರಿನ ಕೇಂದ್ರದಲ್ಲಿ ಬಲಪಂಥೀಯ ಬೋಧಕನೊಬ್ಬ ಲೇಖಕ ಫ್ರೆಡ್ ಕುಕ್‌ರನ್ನು ಜರೆದಾಗ, ಉತ್ತರ ಕೊಡಲು ಸಮಯ ಬೇಕೆಂದು ಕುಕ್ ಹಟ ಹಿಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲಿ ಒಮ್ಮತದಿಂದ ಈ ನಿಯಮವನ್ನು ಎತ್ತಿಹಿಡಿಯಿತು. ಆದರೆ ರೇಗನ್ ಆಡಳಿತದ ಹೊತ್ತಿಗೆ ಗಾಳಿ ತಿರುಗಿತ್ತು. ಕೇಂದ್ರಗಳ ಸಂಖ್ಯೆ ಹೆಚ್ಚಿದ ಮೇಲೆ ಅಭಾವದ ವಾದ ನಿಲ್ಲದೆಂದೂ, ತಕರಾರಿನ ಭಯದಿಂದ ಕೇಂದ್ರಗಳು ವಿವಾದದ ಗೋಜಿಗೇ ಹೋಗುತ್ತಿಲ್ಲವೆಂದೂ ಹೇಳಿ ಆಯೋಗ 1987ರ ಆಗಸ್ಟಿನಲ್ಲಿ ನಿಯಮವನ್ನು ಕೈಬಿಟ್ಟಿತು. ಅದನ್ನು ಕಾಯಿದೆಯಾಗಿಯೇ ಉಳಿಸಲು ಸಂಸತ್ತು ಅಂಗೀಕರಿಸಿದ ಮಸೂದೆಗೆ ರೇಗನ್ ಎರಡು ತಿಂಗಳ ಮೊದಲೇ ಅಂಕಿತ ನಿರಾಕರಿಸಿದ್ದರು.

ಲಿಂಬಾನ ರಾಷ್ಟ್ರೀಯ ಪ್ರಸಾರ ಮೊದಲಾದದ್ದು ಇದಾದ ಒಂದೇ ವರ್ಷಕ್ಕೆ. ಹಾಗೆಂದು ಎಲ್ಲವನ್ನೂ ಈ ಒಂದು ರದ್ದತಿಯ ತಲೆಗೆ ಕಟ್ಟುವುದು ವಾಡಿಕೆಯಾಗಿದ್ದರೂ ಸರಿಯಲ್ಲ. ಅತಿಥಿಗಳನ್ನು ಕರೆದು ಅವಮಾನಿಸುವುದನ್ನೇ ಕಲೆಯಾಗಿಸಿದ ಜೋ ಪೈನ್ ಲಾಸ್ ಏಂಜಲಿಸ್‌ನಲ್ಲಿ ಮಿಂಚಿದ್ದು ನಿಯಮ ಗಟ್ಟಿಯಾಗಿದ್ದ 1960ರ ದಶಕದಲ್ಲಿ. ಡೆನ್ವರಿನ ಆಲನ್ ಬರ್ಗ್ ಎಂಬ ಉದಾರವಾದಿ ಯೆಹೂದಿ ನಿರೂಪಕ, ಕರೆ ಮಾಡಿದ ಜನಾಂಗದ್ವೇಷಿಗಳನ್ನು ಮೈಕಿನ ಮುಂದೆಯೇ ಮೂದಲಿಸುತ್ತಿದ್ದ ಕಾರಣಕ್ಕೆ ಬಿಳಿಯ ಶ್ರೇಷ್ಠತಾವಾದಿಗಳ ಗುಂಡಿಗೆ ಮನೆಯ ಮುಂದೆಯೇ ಬಲಿಯಾದದ್ದು 1984ರ ಜೂನ್ 18ರಂದು. ಬಾಯಿ ಮಾಡುವ ರೇಡಿಯೊ ಆಗಲೇ ಇತ್ತು. ದಿನವಿಡೀ ಒಂದೇ ಬಣ್ಣದ ಬಾಯಿ ಮಾಡುವ ಕೇಂದ್ರ ಇರಲಿಲ್ಲ.

ಹಾಡು ಹೋಯಿತು, ಮಾತು ಉಳಿಯಿತು

ಕಾನೂನಿನಷ್ಟೇ ಕೆಲಸ ಮಾಡಿದ್ದು ಯಂತ್ರ. ಎಎಂ ಎಂಬ ಹಳೆಯ ಪ್ರಸಾರ ವಿಧಾನದ ತರಂಗಗಳು ನೂರಾರು ಮೈಲಿ, ಇರುಳಲ್ಲಿ ಇನ್ನೂ ದೂರ ಹರಿಯುತ್ತವಾದರೂ ಅವುಗಳಲ್ಲಿ ಸಂಗೀತ ಕೇಳುವುದು ತಗಡಿನ ಡಬ್ಬಿಯೊಳಗೆ ಹಾಡಿದಂತೆ. 1970ರ ದಶಕದ ಕೊನೆಗೆ ಸ್ಪಷ್ಟ ನಾದದ ಎಫ್‌ಎಂ ಕೇಳುಗರ ಸಂಖ್ಯೆಯಲ್ಲಿ ಎಎಂ ಅನ್ನು ಮೀರಿಸಿತು, ಹಾಡುಗಳೆಲ್ಲ ಅತ್ತ ವಲಸೆ ಹೋದವು, ಎಎಂ ಕೇಂದ್ರಗಳ ಮಾಲೀಕರು ತುಂಬಲಾಗದ ಗಂಟೆಗಳನ್ನು ಎದುರಿಟ್ಟುಕೊಂಡು ಕುಳಿತರು. ಮನುಷ್ಯನ ಮಾತಿಗೆ ತಗಡಿನ ಡಬ್ಬಿಯೂ ಸಾಕು.

ಉಪಗ್ರಹದ ಮೂಲಕ ಒಂದು ಸ್ಟುಡಿಯೊದ ದನಿಯನ್ನು ಎಲ್ಲಿಗೆ ಬೇಕಾದರೂ ಅಗ್ಗವಾಗಿ ಮುಟ್ಟಿಸುವುದು ಸಾಧ್ಯವಾದದ್ದೂ ಆಗಲೇ. ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊದಲ್ಲಿ 1984ರಿಂದ ಹೆಸರು ಮಾಡುತ್ತಿದ್ದ ಲಿಂಬಾನನ್ನು ನ್ಯೂಯಾರ್ಕಿಗೆ ಕರೆತಂದ ಎಡ್ ಮೆಕ್‌ಲಾಕ್ಲಿನ್ ಎಂಬ ಅನುಭವಿ ವ್ಯವಹಾರಸ್ಥ, ಕೇಂದ್ರಗಳಿಂದ ಹಣದ ಬದಲು ಜಾಹೀರಾತಿನ ನಿಮಿಷಗಳನ್ನು ಪಡೆದ. ಮೂರು ತಾಸಿನ ಕಾರ್ಯಕ್ರಮ ಪುಕ್ಕಟೆ, ಅದರ ನಡುವಿನ ಕೆಲವು ನಿಮಿಷ ನಮ್ಮವು, ಉಳಿದವು ನಿಮ್ಮವು ಎಂಬ ಈ ಅದಲುಬದಲಿನ ಲೆಕ್ಕ, ದಿವಾಳಿಯ ಅಂಚಿನಲ್ಲಿದ್ದ ಸಣ್ಣ ಕೇಂದ್ರಗಳಿಗೆ ವರವಾಗಿ ಕಂಡಿತು. 56 ಕೇಂದ್ರಗಳಿಂದ ಹೊರಟ ಕಾರ್ಯಕ್ರಮ ಆರುನೂರರಾಚೆ ಬೆಳೆದು, ವಾರಕ್ಕೆ ಒಂದೂವರೆಯಿಂದ ಎರಡು ಕೋಟಿ ಕೇಳುಗರೆಂಬ ಅಂದಾಜಿಗೆ ಮುಟ್ಟಿತು. 2008ರಲ್ಲಿ ಆತ ಮಾಡಿಕೊಂಡ ಎಂಟು ವರ್ಷದ ಒಪ್ಪಂದದ ಮೊತ್ತ 40 ಕೋಟಿ ಡಾಲರ್ ಎಂದು ವರದಿಯಾಯಿತು.

1996ರ ದೂರಸಂಪರ್ಕ ಕಾಯಿದೆ ಒಬ್ಬ ಮಾಲೀಕ ದೇಶದಲ್ಲಿ ಇಷ್ಟೇ ರೇಡಿಯೊ ಕೇಂದ್ರ ಹೊಂದಿರಬೇಕೆಂಬ ಮಿತಿಯನ್ನು ತೆಗೆದುಹಾಕಿದ ಮೇಲೆ, ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿ ಸುಮಾರು 1,200 ಕೇಂದ್ರಗಳ ಒಡೆತನ ಪಡೆಯಿತು. ಊರಿನ ರಸ್ತೆ, ಶಾಲೆ, ಮೇಯರ್ ಬಗ್ಗೆ ಮಾತಾಡುತ್ತಿದ್ದ ಸ್ಥಳೀಯ ನಿರೂಪಕನಿಗೆ ಸಂಬಳ ಕೊಡುವುದಕ್ಕಿಂತ ಉಪಗ್ರಹದಿಂದ ಇಳಿಯುವ ದನಿ ಲಾಭದಾಯಕವಾದ್ದರಿಂದ, ಸಾವಿರ ಊರುಗಳ ಜಗಳಗಳು ಮಾಯವಾಗಿ ವಾಷಿಂಗ್ಟನ್ನಿನ ಒಂದೇ ಜಗಳ ಉಳಿಯಿತು. ಈ ಬೆಳವಣಿಗೆಯ ನಿಜವಾದ ನಷ್ಟ ಇದೇ ಇರಬೇಕು, ಆದರೆ ಬೈಗುಳದಷ್ಟು ಅದು ಕಿವಿಗೆ ಬೀಳುವುದಿಲ್ಲ.

ಒಂದು ಕರೆ ಮೈಕು ಮುಟ್ಟುವ ಬಗೆ

ಕೇಳುಗನಿಗೆ ಇದು ಮುಕ್ತ ಹರಟೆಕಟ್ಟೆಯಂತೆ ಕೇಳಿಸುತ್ತದೆ. ವಾಸ್ತವವಾಗಿ ಇಷ್ಟು ಬಿಗಿಯಾಗಿ ಹೆಣೆದ ಕಾರ್ಯಕ್ರಮ ಮತ್ತೊಂದಿಲ್ಲ. ಉಚಿತ ಸಂಖ್ಯೆಗೆ ಫೋನ್ ಮಾಡಿದವನಿಗೆ ಮೊದಲು ಎದುರಾಗುವುದು ನಿರೂಪಕನಲ್ಲ, ಕರೆಗಳನ್ನು ಸೋಸುವ ಸಹಾಯಕ. ಹೆಸರೇನು, ಯಾವ ಊರು, ಏನು ಹೇಳಬೇಕೆಂದಿದ್ದೀರಿ ಎಂದು ಕೇಳಿ, ತೊದಲುವವರನ್ನೂ ಸುತ್ತಿಬಳಸುವವರನ್ನೂ ಮೊಬೈಲಿನ ಗೊರಗೊರ ಸದ್ದಿನವರನ್ನೂ ಬದಿಗೆ ಸರಿಸಿ, ಉಳಿದವರನ್ನು ಆತ ಕಾಯಿಸುತ್ತಾನೆ. ನಿರೂಪಕನ ಎದುರಿನ ಪರದೆಯ ಮೇಲೆ ಹೆಸರು, ಊರು, ಒಂದು ಸಾಲಿನ ವಿಷಯ ಮೂಡುತ್ತವೆ. ಆತ ತನಗೆ ಬೇಕಾದ ಸಾಲನ್ನು ಆರಿಸಿ ಗುಂಡಿ ಒತ್ತುತ್ತಾನೆ. ಯಾರಾದರೂ ಅಶ್ಲೀಲವಾಡಿದರೆ ಅಳಿಸಲು ಅನುಕೂಲವಾಗುವಂತೆ ಮಾತು ಕೆಲವು ಸೆಕೆಂಡು ತಡವಾಗಿ ಪ್ರಸಾರವಾಗುತ್ತದೆ.

ಕರೆ ಮಾಡಿದವನು ಸೊಗಸಾಗಿ ಮಾತಾಡಬೇಕಾದುದು ನಿರೂಪಕನನ್ನು ಸೊಗಸಾಗಿ ತೋರಿಸಲಿಕ್ಕೆ ಎಂಬುದನ್ನು ಲಿಂಬಾ ಮುಚ್ಚಿಟ್ಟವನಲ್ಲ. ಒಪ್ಪದವರ ಕರೆಯನ್ನೂ ಆತ ಸ್ವೀಕರಿಸುತ್ತಿದ್ದ, ಕೆಲವೊಮ್ಮೆ ಸಾಲಿನಲ್ಲಿ ಮುಂದಕ್ಕೇ ತರುತ್ತಿದ್ದ. ಕುಸ್ತಿಯ ಅಖಾಡದಲ್ಲಿ ಎದುರಾಳಿಯಿಲ್ಲದೆ ಪೈಲ್ವಾನನಿಗೆ ಶೋಭೆಯಿಲ್ಲವಷ್ಟೆ. ಆದರೆ ಅಖಾಡ ಅವನದು, ಗಂಟೆ ಅವನದು, ಎದುರಾಳಿಯ ದನಿಯನ್ನು ತಗ್ಗಿಸುವ ಗುಂಡಿಯೂ ಅವನದೇ. ಆರಂಭದ ದಿನಗಳಲ್ಲಿ ಕರೆ ಮಾಡಿದವರೆಲ್ಲ ಕಾರ್ಯಕ್ರಮವನ್ನು ಹೊಗಳುವುದರಲ್ಲೇ ಹೊತ್ತು ಕಳೆಯುತ್ತಿದ್ದುದರಿಂದ, ಹಿಂದಿನವರು ಹೇಳಿದ್ದೇ ನನ್ನದೂ ಎಂಬರ್ಥದಲ್ಲಿ ‘ಡಿಟ್ಟೊ’ ಎನ್ನುವುದು ರೂಢಿಯಾಯಿತು. ಹೀಗೆ ಡಿಟ್ಟೊ ಎನ್ನುವ ಅಭಿಮಾನಿಗಳಿಗೆ ‘ಡಿಟ್ಟೊಹೆಡ್’ ಎಂಬ ಹೆಸರು ಬಿತ್ತು. ಕುರಿಮಂದೆ ಎಂದು ಅಣಕಿಸಲು ವಿರೋಧಿಗಳು ಬಳಸಿದ ಆ ಹೆಸರನ್ನು ಕೇಳುಗರು ಬಿರುದಿನಂತೆ ಹೊತ್ತುಕೊಂಡರು.

ಜಾಹೀರಾತನ್ನು ನಿರೂಪಕನೇ ಓದುವುದು ಈ ಉದ್ಯಮದ ಇನ್ನೊಂದು ಮರ್ಮ. ತೆರಿಗೆಯ ಮೇಲೆ ಗುಡುಗುತ್ತಿದ್ದ ದನಿಯೇ ಉಸಿರು ಬದಲಿಸದೆ ಹಾಸಿಗೆಯನ್ನೋ ತಂಪು ಪಾನೀಯವನ್ನೋ ಚಿನ್ನದ ನಾಣ್ಯವನ್ನೋ ಶಿಫಾರಸು ಮಾಡುತ್ತದೆ; ಸ್ನ್ಯಾಪಲ್ ಎಂಬ ಪಾನೀಯ 1990ರ ದಶಕದಲ್ಲಿ ಮನೆಮಾತಾದದ್ದರಲ್ಲಿ ಲಿಂಬಾನ ಪಾಲು ದೊಡ್ಡದು. ಪ್ರತಿದಿನ ಮೂರು ತಾಸಿನಂತೆ ವಾರಕ್ಕೆ ಹದಿನೈದು ತಾಸು ಒಂಟಿ ಪಯಣಕ್ಕೆ ಜೊತೆಯಾಗುವ ದನಿಯನ್ನು ಮನುಷ್ಯ ಸುದ್ದಿಮೂಲವೆಂದು ಕೇಳುವುದಿಲ್ಲ, ಬಲ್ಲವನಾದ ಗೆಳೆಯನೆಂದು ಕೇಳುತ್ತಾನೆ.

ಆ ಗೆಳೆತನದ ಅಳತೆ ಸಿಕ್ಕಿದ್ದು 1993ರ ಮೇ ತಿಂಗಳಲ್ಲಿ. ಲಿಂಬಾನ ಮಾಸಪತ್ರಿಕೆಗೆ ಮೂವತ್ತು ಡಾಲರ್ ಹತ್ತಿರದ ಚಂದಾ ಕಟ್ಟಲು ಮನೆಯ ಖರ್ಚಿನಲ್ಲಿ ಉಳಿಯುತ್ತಿಲ್ಲ ಎಂದು ಕೇಳುಗನೊಬ್ಬ ಫೋನಿನಲ್ಲಿ ಹೇಳಿಕೊಂಡಾಗ, ಬಿಟ್ಟಿ ಕೊಡುವುದು ತನ್ನ ತತ್ತ್ವವಲ್ಲ, ಬೇಕಿದ್ದರೆ ಕೇಕು ಬಿಸ್ಕತ್ತು ಸುಟ್ಟು ಮಾರಿ ಹಣ ಹೊಂದಿಸಿಕೊಳ್ಳಲಿ ಎಂದು ಆತ ಚೇಷ್ಟೆ ಮಾಡಿದ. ಆ ಚೇಷ್ಟೆ ಬೆಳೆದು ಕೊಲೊರಾಡೊದ ಫೋರ್ಟ್ ಕಾಲಿನ್ಸ್ ಎಂಬ ಊರಿನಲ್ಲಿ ಕೇಕು ಮಾರಾಟವೇ ಏರ್ಪಾಡಾಗಿ, ದೇಶದ ಮೂಲೆಮೂಲೆಗಳಿಂದ ಬಸ್ಸು ಕಾರುಗಳಲ್ಲಿ ಹತ್ತಾರು ಸಾವಿರ ಜನ ಬಂದಿಳಿದು, ಚಂದಾ ಹಣದ ನೆಪದಲ್ಲಿ ಜಾತ್ರೆಯೇ ನೆರೆಯಿತು. ಅದೇ ವರ್ಷಗಳಲ್ಲಿ ಅನೇಕ ಊರುಗಳ ಹೋಟೆಲುಗಳು ಊಟ ಮಾಡುತ್ತ ಕಾರ್ಯಕ್ರಮ ಕೇಳಲೆಂದೇ ‘ರಶ್ ರೂಮ್’ ಎಂಬ ಪ್ರತ್ಯೇಕ ಕೋಣೆಯಿಟ್ಟಿದ್ದವು. ಪತ್ರಿಕೆಗಳೂ ಟಿವಿಯೂ ತಮ್ಮನ್ನು ಹಳ್ಳಿಗಮಾರರಂತೆ ಕಾಣುತ್ತವೆಂದು ಒಳಗೇ ಕುದಿಯುತ್ತಿದ್ದವರಿಗೆ, ತಮ್ಮಂಥವರು ಇನ್ನೂ ಇಷ್ಟು ಮಂದಿ ಇದ್ದಾರೆಂದು ತಿಳಿದದ್ದೇ ಈ ರೇಡಿಯೊದಿಂದ.

ಫೋನಿನ ಬಲ

ಸಂಸದರು ತಮ್ಮ ಸಂಬಳವನ್ನು ಶೇ 51ರಷ್ಟು ಏರಿಸಿಕೊಳ್ಳಲು ಹೊರಟಿದ್ದ 1989ರ ಆರಂಭದಲ್ಲಿ, ಬೇರೆ ಬೇರೆ ನಗರಗಳ ನಿರೂಪಕರು ಒಂದಾಗಿ, 1773ರ ಬಾಸ್ಟನ್ ಚಹಾ ದಂಗೆಯನ್ನು ನೆನಪಿಸುವಂತೆ ವಾಷಿಂಗ್ಟನ್ನಿಗೆ ಟೀ ಬ್ಯಾಗುಗಳನ್ನು ಅಂಚೆಯಲ್ಲಿ ಕಳುಹಿಸಿರೆಂದು ಕೇಳುಗರಿಗೆ ಕರೆಕೊಟ್ಟರು. ಟೀ ಬ್ಯಾಗುಗಳು ರಾಶಿರಾಶಿಯಾಗಿ ಬಂದವು, ಏರಿಕೆ ಬಿದ್ದುಹೋಯಿತು. ಇದರಲ್ಲಿ ಎಡಬಲದ ಭೇದವೂ ಇರಲಿಲ್ಲ, ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಕೂಡ ಕೈಜೋಡಿಸಿದ್ದರು.

ರಾಜಕಾರಣಿಗಳಿಗೆ ಸಂದೇಶ ಅರ್ಥವಾಯಿತು. 1992ರಲ್ಲಿ ಶ್ವೇತಭವನದಲ್ಲಿ ತಂಗಲು ಬಂದ ಲಿಂಬಾನ ಚೀಲವನ್ನು ಅಧ್ಯಕ್ಷ ಜಾರ್ಜ್ ಬುಷ್ ತಾವೇ ಎತ್ತಿಕೊಂಡು ಒಳಗೆ ನಡೆದರು. 1994ರಲ್ಲಿ ರಿಪಬ್ಲಿಕನ್ ಪಕ್ಷ 54 ಸ್ಥಾನಗಳನ್ನು ಹೆಚ್ಚಿಸಿಕೊಂಡು ನಲವತ್ತು ವರ್ಷಗಳ ಬಳಿಕ ಕೆಳಮನೆಯ ಬಹುಮತ ಪಡೆದಾಗ, ಹೊಸ ಸಂಸದರು ಆತನನ್ನು ತಮ್ಮ ಬಳಗದ ಗೌರವ ಸದಸ್ಯನೆಂದು ಸಾರಿದರು. ಇಂಡಿಯಾನಾದಲ್ಲಿ ರೇಡಿಯೊ ನಿರೂಪಕರಾಗಿದ್ದ ಮೈಕ್ ಪೆನ್ಸ್ ಮುಂದೆ ಉಪಾಧ್ಯಕ್ಷರೇ ಆದರು.

ಆದರೆ ಪ್ರಭಾವ ಎದ್ದು ಕಾಣುವುದು ಗೆಲುವುಗಳಿಗಿಂತ ತಡೆಗಳಲ್ಲಿ. ಅನಧಿಕೃತ ವಲಸಿಗರಿಗೆ ಪೌರತ್ವದ ದಾರಿ ತೆರೆಯುವ, ಅಧ್ಯಕ್ಷ ಬುಷ್ (ಕಿರಿಯ) ಮತ್ತು ಎರಡೂ ಪಕ್ಷಗಳ ಹಿರಿಯರು ಒಪ್ಪಿದ್ದ ಮಸೂದೆಯ ಮೇಲೆ 2007ರ ಬೇಸಗೆಯಲ್ಲಿ ಟಾಕ್ ರೇಡಿಯೊ ಮುಗಿಬಿದ್ದಾಗ, ಕರೆಗಳ ಒತ್ತಡಕ್ಕೆ ಸೆನೆಟ್ಟಿನ ದೂರವಾಣಿ ವ್ಯವಸ್ಥೆಯೇ ಕುಸಿಯಿತು. ಜೂನ್ 28ರಂದು, ಬೇಕಿದ್ದ 60 ಮತಗಳ ಜಾಗದಲ್ಲಿ 46 ಮಾತ್ರ ಬಿದ್ದು ಮಸೂದೆ ಸತ್ತಿತು. 2018ರ ಡಿಸೆಂಬರಿನಲ್ಲಿ ಗಡಿಗೋಡೆಗೆ ಹಣವಿಲ್ಲದ ಆಯವ್ಯಯಕ್ಕೆ ಸಹಿಹಾಕಲು ಟ್ರಂಪ್ ಸಿದ್ಧವಾಗಿದ್ದಂತೆ ಕಂಡಾಗ ಲಿಂಬಾ ಮತ್ತಿತರರು ಮೈಕಿನಲ್ಲೇ ತರಾಟೆಗೆ ತೆಗೆದುಕೊಂಡರು. ಟ್ರಂಪ್ ಹಿಂದೆ ಸರಿದರು, ಸರ್ಕಾರದ ಕಚೇರಿಗಳು 35 ದಿನ ಬಾಗಿಲು ಹಾಕಿದವು, ಕೊನೆಗೂ ಕೇಳಿದ ಹಣ ಸಂಸತ್ತಿನಿಂದ ಸಿಗಲಿಲ್ಲ.

ಇದು ಬಲಪಂಥದ ಸ್ವತ್ತೆಂದು ತಿಳಿಯಬೇಕಾಗಿಲ್ಲ. ದಾಖಲೆಯಿಲ್ಲದೆ ನೆಲಸುವುದನ್ನೇ ಘೋರ ಅಪರಾಧವಾಗಿಸುವ ಮಸೂದೆಯ ವಿರುದ್ಧ 2006ರ ಮಾರ್ಚ್ 25ರಂದು ಲಾಸ್ ಏಂಜಲಿಸ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದಾಗ ಇಂಗ್ಲಿಷ್ ಮಾಧ್ಯಮಗಳು ಬೆಚ್ಚಿದವು, ಏಕೆಂದರೆ ಸುಳಿವೇ ಅವಕ್ಕೆ ಹತ್ತಿರಲಿಲ್ಲ. ‘ಪಿಯೊಲಿನ್’ ಎಂಬ ಅಡ್ಡಹೆಸರಿನ ಎಡ್ಡಿ ಸೊಟೆಲೊ ಮತ್ತು ಇತರ ಸ್ಪ್ಯಾನಿಷ್ ರೇಡಿಯೊ ನಿರೂಪಕರು ಬಿಳಿ ಬಟ್ಟೆ ತೊಟ್ಟು, ಅಮೆರಿಕದ ಬಾವುಟ ಹಿಡಿದು, ಕಸ ಹಾಕದೆ ನಡೆಯಿರೆಂದು ದಿನಗಟ್ಟಲೆ ಹೇಳುತ್ತ ಬಂದಿದ್ದರು. ಆ ಮಸೂದೆಯೂ ಸೆನೆಟ್ಟನ್ನು ದಾಟಲಿಲ್ಲ.

ಹಗ್ಗದ ಎರಡು ತುದಿ

ಕೇಳುಗನ ಅಭಿಪ್ರಾಯವೇ ಬದಲಾಗುತ್ತದೆಯೆ? ರಾಜ್ಯಶಾಸ್ತ್ರಜ್ಞ ಡೇವಿಡ್ ಬಾರ್ಕರ್ 2002ರ ತಮ್ಮ ಪುಸ್ತಕದಲ್ಲಿ, ಲಿಂಬಾ ಎಡೆಬಿಡದೆ ಮಾತಾಡಿದ ವಿಷಯಗಳಲ್ಲಿ ನಿತ್ಯದ ಕೇಳುಗರು ಆತನತ್ತ ವಾಲಿದ್ದನ್ನೂ, ಆತ ಮುಟ್ಟದೆ ಬಿಟ್ಟ ವಿಷಯಗಳಲ್ಲಿ ಅಂಥ ಬದಲಾವಣೆ ಕಾಣದ್ದನ್ನೂ ತೋರಿಸಿದರು. 1996ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ ಈ ಕೇಳುಗರು ಉಳಿದವರಿಗಿಂತ ಹೆಚ್ಚು ರಾಜಕೀಯಾಸಕ್ತರು, ಹೆಚ್ಚು ಮತ ಹಾಕುವವರು ಎಂದು ಕಂಡುಬಂದದ್ದು, ಮಂದೆಯೆಂದು ಅಣಕಿಸಿದವರಿಗೆ ಇರಿಸುಮುರಿಸು ತಂದಿರಬೇಕು.

ಆದರೆ ಹಗ್ಗಕ್ಕೆ ಇನ್ನೊಂದು ತುದಿಯಿದೆ. 2008ರಲ್ಲಿ ಜಾನ್ ಮೆಕೇನ್ ಬೇಡವೇ ಬೇಡವೆಂದು ಲಿಂಬಾ ತಿಂಗಳುಗಟ್ಟಲೆ ಕೂಗಿದರೂ ಪಕ್ಷದ ಮತದಾರರು ಅವರನ್ನೇ ಅಭ್ಯರ್ಥಿಯಾಗಿಸಿದರು. 2016ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಪ್ರಭಾವಿ ನಿರೂಪಕ ಚಾರ್ಲಿ ಸೈಕ್ಸ್ ಟ್ರಂಪ್ ವಿರುದ್ಧ ಗಟ್ಟಿಯಾಗಿ ನಿಂತರು; ಆ ಏಪ್ರಿಲಿನಲ್ಲಿ ಟ್ರಂಪ್ ಅಲ್ಲಿನ ಪಕ್ಷದೊಳಗಿನ ಚುನಾವಣೆಯನ್ನು ಸೋತದ್ದೂ ನಿಜ. ಮತ್ತೊಮ್ಮೆ ತಡೆ. ಆದರೆ ಟ್ರಂಪ್ ಅಭ್ಯರ್ಥಿಯಾದ ಮೇಲೂ ಮಣಿಯದ ಸೈಕ್ಸ್ ವರ್ಷಾನುಗಟ್ಟಲೆಯ ತಮ್ಮದೇ ಕೇಳುಗರಿಂದ ದ್ರೋಹಿಯೆನಿಸಿಕೊಂಡರು; ಇಪ್ಪತ್ತಮೂರು ವರ್ಷ ನಡೆಸಿದ ಕಾರ್ಯಕ್ರಮ ಆ ವರ್ಷದ ಕೊನೆಗೆ ಮುಗಿಯಿತು. ಕೇಳುಗನಿಗೆ ಒಪ್ಪದ್ದನ್ನು ಹೇಳುವ ನಿರೂಪಕನಿಗೆ ಕೇಳುಗನಿಲ್ಲ, ಕೇಳುಗನಿಲ್ಲದವನಿಗೆ ಜಾಹೀರಾತಿಲ್ಲ ಎಂಬ ಲೆಕ್ಕ ಗೊತ್ತಿದ್ದ ಉಳಿದವರು ಬೇಗನೆ ದಾರಿಗೆ ಬಂದರು.

ಉದಾರವಾದಿಗಳು ಈ ಲೆಕ್ಕದಲ್ಲೇ ಸೋತರು. ಹಾಸ್ಯನಟ ಆಲ್ ಫ್ರಾಂಕನ್‌ರನ್ನು ಮುಂದಿಟ್ಟುಕೊಂಡು 2004ರ ಮಾರ್ಚಿನಲ್ಲಿ ಆರಂಭವಾದ ಏರ್ ಅಮೆರಿಕ ಎಂಬ ಜಾಲ ಎರಡೂವರೆ ವರ್ಷಕ್ಕೇ ದಿವಾಳಿ ಅರ್ಜಿ ಹಾಕಿ, 2010ರಲ್ಲಿ ಮುಚ್ಚಿತು. ಸಿಕ್ಕಿದ್ದು ದುರ್ಬಲ ಕೇಂದ್ರಗಳು. ಗುರಿಯಾಗಿದ್ದ ಕೇಳುಗರೋ ಸಾರ್ವಜನಿಕ ರೇಡಿಯೊ, ಕಪ್ಪುಜನರ ಕೇಂದ್ರಗಳು, ಸ್ಪ್ಯಾನಿಷ್ ಕೇಂದ್ರಗಳಲ್ಲಿ ಆಗಲೇ ಹಂಚಿಹೋಗಿದ್ದರು.

ಮಾತಿನ ಬೆಲೆ

ಹದ್ದು ಮೀರಿದ ಮಾತಿಗೆ ದಂಡ ತೆತ್ತದ್ದೂ ಉಂಟು. ಗರ್ಭನಿರೋಧಕಗಳಿಗೆ ವಿಮೆ ಬೇಕೆಂದು ಸಂಸದರ ಮುಂದೆ ವಾದಿಸಿದ ಕಾನೂನು ವಿದ್ಯಾರ್ಥಿನಿಯನ್ನು 2012ರಲ್ಲಿ ಲಿಂಬಾ ಸೂಳೆಯೆಂಬ ಅರ್ಥದ ಪದದಿಂದ ಕರೆದಾಗ ಹತ್ತಾರು ಜಾಹೀರಾತುದಾರರು ಕಾಲ್ತೆಗೆದರು. ಆತ ಕ್ಷಮೆ ಕೇಳಿದರೂ ಅವರಲ್ಲಿ ಅನೇಕರು ಮರಳಲಿಲ್ಲ. ಎಂಟು ವರ್ಷದ ಬಳಿಕ, 2020ರ ಫೆಬ್ರುವರಿ 4ರಂದು, ಸಂಸತ್ತಿನ ಜಂಟಿ ಅಧಿವೇಶನದ ನಡುವೆಯೇ ದೇಶದ ಅತ್ಯುನ್ನತ ನಾಗರಿಕ ಪದಕ ಆತನ ಕೊರಳಿಗೇರಿತು. ಅದೇ ತಿಂಗಳು ಆತ ಕೊರೊನಾವನ್ನು ಸಾಮಾನ್ಯ ನೆಗಡಿಗೆ ಹೋಲಿಸಿದ.

ಮಾತಿನ ಬೆಲೆಯನ್ನು ಕೆಲವು ನಿರೂಪಕರು ತಾವೇ ತೆತ್ತರು. ಲಸಿಕೆಯನ್ನು ಗೇಲಿ ಮಾಡುತ್ತಿದ್ದ ನ್ಯಾಶ್‌ವಿಲ್‌ನ ಫಿಲ್ ವ್ಯಾಲೆಂಟೈನ್ 2021ರ ಆಗಸ್ಟಿನಲ್ಲಿ ಕೋವಿಡ್‌ಗೆ ಬಲಿಯಾದರು. ಲಸಿಕೆಯ ಪರವಾಗಿ ಇನ್ನಷ್ಟು ಗಟ್ಟಿಯಾಗಿ ಮಾತಾಡಬೇಕಿತ್ತೆಂದು ಅವರು ಪಶ್ಚಾತ್ತಾಪಪಟ್ಟದ್ದನ್ನು ಆಸ್ಪತ್ರೆಯಲ್ಲಿದ್ದಾಗಲೇ ಕುಟುಂಬ ತಿಳಿಸಿತ್ತು. ಫ್ಲಾರಿಡಾದ ಇಬ್ಬರು ನಿರೂಪಕರೂ ಅದೇ ತಿಂಗಳು ಹೀಗೆಯೇ ಸತ್ತರು. ಅವರ ಮಾತು ಕೇಳಿ ಲಸಿಕೆ ಬಿಟ್ಟವರೆಷ್ಟು ಮಂದಿಯೆಂದು ಎಣಿಸುವ ಯಂತ್ರವಿಲ್ಲ.

ಕಾರಿನೊಳಗಿನ ಕೊನೆಯ ಕೋಟೆ

ಲಿಂಬಾನ ಮೂರು ತಾಸನ್ನು ಒಬ್ಬನೇ ತುಂಬುವುದು ಯಾರಿಂದಲೂ ಆಗಲಿಲ್ಲ. ಆ ಹೊತ್ತಿಗಾಗಿ ಪೈಪೋಟಿಗಿಳಿದವರಲ್ಲಿ ಒಬ್ಬನಾದ ಡ್ಯಾನ್ ಬಾಂಜೀನೊ 2025ರಲ್ಲಿ ನೇರವಾಗಿ ಎಫ್‌ಬಿಐ ಸಂಸ್ಥೆಯ ಉಪನಿರ್ದೇಶಕನಾದ. ಕಿರಿಯರು ಪಾಡ್‌ಕಾಸ್ಟ್ ಮತ್ತು ಯೂಟ್ಯೂಬ್‌ಗೆ ಹೊರಳಿದರು. ಅಲ್ಲಿ ಪರವಾನಗಿಯೂ ಇಲ್ಲ, ತರಂಗಾಂತರದ ಅಭಾವವೂ ಇಲ್ಲ. ಹಳೆಯ ಎಎಂ ಮುಖ್ಯವಾಗಿ ಕಾರಿನೊಳಗೆ ಉಳಿದಿದೆ.

ಅಲ್ಲಿಯೂ ಅದಕ್ಕೆ ಸಂಚಕಾರ ಬಂದಿದೆ. ವಿದ್ಯುತ್ ಚಾಲಿತ ಕಾರುಗಳ ಮೋಟಾರು ಎಎಂ ತರಂಗಗಳಿಗೆ ಅಡ್ಡಿ ಮಾಡುವುದರಿಂದ ಟೆಸ್ಲಾ, ಬಿಎಂಡಬ್ಲ್ಯು ಮೊದಲಾದ ಕಂಪನಿಗಳು ಅಂಥ ಕಾರುಗಳಲ್ಲಿ ಎಎಂ ಅನ್ನು ತೆಗೆದವು. 2023ರಲ್ಲಿ ಫೋರ್ಡ್ ಕೂಡ ಹಾಗೆಯೇ ಮಾಡಲು ಹೊರಟು, ವಿರೋಧ ಕಂಡು ಮೇ ತಿಂಗಳಲ್ಲಿ ಹಿಂದೆಗೆಯಿತು. ಆ ವಿರೋಧದ ಮುಂಚೂಣಿಯಲ್ಲಿ ಶಾನ್ ಹ್ಯಾನಿಟಿ, ಮಾರ್ಕ್ ಲೆವಿನ್‌ರಂಥ ಬಲಪಂಥೀಯ ನಿರೂಪಕರಿದ್ದರು. ಪ್ರತಿ ಕಾರಿನಲ್ಲಿಯೂ ಎಎಂ ರೇಡಿಯೊ ಕಡ್ಡಾಯವಾಗಿರಬೇಕೆಂಬ ಮಸೂದೆಯನ್ನು, ಬೇರಾವುದರಲ್ಲೂ ಒಮ್ಮತವಿಲ್ಲದ ಡೆಮಾಕ್ರಟಿಕ್ ಸೆನೆಟರ್ ಎಡ್ ಮಾರ್ಕಿ ಮತ್ತು ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್ ಜೊತೆಗೂಡಿ ಮಂಡಿಸಿದರು. ತುರ್ತು ಪರಿಸ್ಥಿತಿಯಲ್ಲಿ ಎಲ್ಲರಿಗೂ ಸಂದೇಶ ಮುಟ್ಟಿಸುವ ಸಾರ್ವಜನಿಕ ಸೊತ್ತು ಇದು, ಇದನ್ನು ಬಿಡುವ ಸ್ವಾತಂತ್ರ್ಯ ಕಂಪನಿಗಳಿಗಿಲ್ಲ ಎಂಬುದು ಮಂಡಿಸಿದವರ ವಾದ. 1949ರ ಕಡತವನ್ನು ಬಿಡಿಸಿ ನೋಡಿದರೆ ಹೆಚ್ಚುಕಡಿಮೆ ಅದೇ ಪದಗಳು ಸಿಕ್ಕುತ್ತವೆ.